ಸ್ವೀಡನ್ನಿನ ಅಗ್ಗದ ಚೂರಿ

ಗೋಥೆನ್‌ಬರ್ಗಿಗೆ ಕೆಲಸಕ್ಕೆ ಬಂದ ಮೊದಲ ವರ್ಷ, ಸೆಪ್ಟೆಂಬರಿನಲ್ಲಿ, ಆಫೀಸಿನ ಗೆಳೆಯನೊಬ್ಬ ಅಣಬೆ ಹೆಕ್ಕಲು ಕಾಡಿಗೆ ಕರೆದ. ಬುಟ್ಟಿ, ಮಳೆ ಕೋಟು, ಗಟ್ಟಿ ಬೂಟು, ಜೊತೆಗೆ ಒಂದು ಚೂರಿ ಬೇಕು ಅಂದ. ಮೊದಲ ಮೂರಕ್ಕೆ ತಲೆಯಾಡಿಸಿದೆ. ಕೊನೆಯದಕ್ಕೆ ಮಾತ್ರ "ಅದು ಬೇಕೇಬೇಕಾ?" ಎಂದು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

ನಿಮಗೆ ಆಗಬಹುದು. ನಮ್ಮ ಉಪ್ಪಳ, ಕುಂಬಳೆ ಕಡೆ ಮನೆಯೊಳಗೆ ಚೂರಿ ಎನ್ನುವ ಮಾತು ಕಡಿಮೆ. ಮೀನು ಕೊಯ್ಯಲು ಮೆಟ್ಟುಕತ್ತಿ, ತೋಟಕ್ಕೆ ಕತ್ತಿ, ಸೊಂಟಕ್ಕೆ ಪೀಶಕತ್ತಿ. ಚೂರಿ ಎಂಬುದನ್ನು ನಾನು ಹೆಚ್ಚಾಗಿ ಓದಿದ್ದು ಪೇಪರಿನಲ್ಲಿ. ಅದರ ಪಕ್ಕದಲ್ಲಿ 'ಇರಿತ' ಎಂಬ ಇನ್ನೊಂದು ಶಬ್ದ ಇರುತ್ತಿತ್ತು, ಆಮೇಲೆ ಹೆಸರುಗಳು. ಹೆಸರು ಯಾವ ಕಡೆಯದು ಎಂದು ನೋಡಿಯೇ ಮುಂದಿನ ಸಾಲಿಗೆ ಹೋಗುತ್ತಿದ್ದೆವು.

ಉಪ್ಪನ ಬೆಲ್ಟಿನಲ್ಲಿ ಚರ್ಮದ ಒರೆಯ ಸಣ್ಣ ಪೀಶಕತ್ತಿ ಇರುತ್ತಿತ್ತು. ಹಗ್ಗ ಕೊಯ್ಯಲು, ಅಡಿಕೆ ಕೆತ್ತಲು, ನಮಗೆ ಪೇರಳೆ ಹೋಳು ಮಾಡಿ ಕೊಡಲು ಅದೇ. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ನಮ್ಮ ಕಡೆ ಗಲಾಟೆಯಾಗಿ, ರಸ್ತೆಯಲ್ಲಿ ಬಸ್ಸು ನಿಲ್ಲಿಸಿ ತಪಾಸಣೆ ಮಾಡುತ್ತಿದ್ದರು. ಆ ಬೆಳಿಗ್ಗೆ ಉಪ್ಪ ಪೇಟೆಗೆ ಹೊರಟಾಗ ಉಮ್ಮ ಏನೂ ಹೇಳದೆ ಅವರ ಬೆಲ್ಟಿನಿಂದ ಅದನ್ನು ತೆಗೆದು ಅಕ್ಕಿ ಡಬ್ಬಿಯ ಹಿಂದೆ ಇಟ್ಟರು. ವಾರದೊಳಗೆ ಗಲಾಟೆ ಮುಗಿಯಿತು. ಪೀಶಕತ್ತಿ ಬೆಲ್ಟಿಗೆ ವಾಪಸ್ ಹೋಗಲಿಲ್ಲ. ಮನೆ ರಿಪೇರಿಯ ಸಮಯದಲ್ಲಿ ಎಲ್ಲಿ ಹೋಯಿತೋ, ಯಾರೂ ಹುಡುಕಲೂ ಇಲ್ಲ.

ಇಲ್ಲಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಚೂರಿಗಳು ಪೇಂಟ್ ಬ್ರಷ್ಷು, ಅಳತೆ ಟೇಪುಗಳ ನಡುವೆ ನೇತಾಡುತ್ತಿದ್ದವು. ನಾನು ತೆಗೆದುಕೊಂಡದ್ದು ಮೋರಾಕ್ನೀವ್ ಕಂಪೆನಿಯ 'ಕಂಪ್ಯಾನಿಯನ್', ಸ್ಟೇನ್‌ಲೆಸ್ ಸ್ಟೀಲಿನದ್ದು. ಇನ್ನೂರು ಕ್ರೋನದ ಒಳಗೆ. ಇಬ್ಬರು ಹೋಟೆಲಿನಲ್ಲಿ ಊಟ ಮಾಡಿದರೆ ಇದಕ್ಕಿಂತ ಹೆಚ್ಚಾಗುತ್ತದೆ. ಬಿಲ್ ಮಾಡಿದ ಹುಡುಗಿ ನನ್ನ ಮುಖ ಕೂಡ ನೋಡಲಿಲ್ಲ. ನಾನು ಮಾತ್ರ, ಕೇಳಿದರೆ ಹೇಳಬೇಕೆಂದು, ಅಣಬೆಯ ವಿಷಯ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

ಮನೆಗೆ ತಂದು ನೋಡಿದಾಗ ಮೊದಲು ಅನಿಸಿದ್ದು: ಮೋಸ ಹೋದೆ. ಹಸಿರು ಪ್ಲಾಸ್ಟಿಕ್ ಹಿಡಿಕೆ, ಅದರ ಮೇಲೆ ರಬ್ಬರು, ಒರೆಯೂ ಪ್ಲಾಸ್ಟಿಕ್. ಒರೆ ಸಮೇತ ತೂಕ ನೂರು ಗ್ರಾಮಿನ ಆಚೆ ಈಚೆ. ಮಕ್ಕಳ ಆಟಿಕೆಯ ಹಾಗೆ. ಅಲಗು ಸುಮಾರು ಹತ್ತು ಸೆಂಟಿಮೀಟರ್, ಅದೂ ಹಿಡಿಕೆಯ ತುದಿಯವರೆಗೆ ಹೋಗುವುದಿಲ್ಲ. ಆದರೆ ಒರೆಗೆ ಹಾಕಿದಾಗ 'ಟಕ್' ಎಂದು ಕೂರುತ್ತದೆ, ತಲೆಕೆಳಗು ಮಾಡಿ ಅಲುಗಿಸಿದರೂ ಬೀಳುವುದಿಲ್ಲ. ಹಳೆಯ ಪೇಪರನ್ನು ಗಾಳಿಯಲ್ಲಿ ಹಿಡಿದು ಎಳೆದೆ, ಸದ್ದಿಲ್ಲದೆ ಎರಡಾಯಿತು. ಆಮೇಲೆ ಕೈಯ ರೋಮ ಬೋಳಿಸಿ ನೋಡಿದೆ. ಗಂಡಸರೆಲ್ಲ ಹೊಸ ಚೂರಿ ಸಿಕ್ಕಿದರೆ ಇದನ್ನು ಯಾಕೆ ಮಾಡುತ್ತೇವೋ, ಹೆಂಡತಿ ಕೇಳಿದಳು, ನನ್ನಲ್ಲಿ ಉತ್ತರ ಇರಲಿಲ್ಲ.

ಈ ಚೂರಿಗಳ ಗುಟ್ಟು ಅಂಚಿನಲ್ಲಿ ಉಂಟು. ಅಲಗಿನ ಅರ್ಧಕ್ಕಿಂತ ಕೆಳಗಿನವರೆಗೂ ಎರಡೂ ಬದಿ ಸಪಾಟು, ಅಲ್ಲಿಂದ ಒಂದೇ ಇಳಿಜಾರಿನಲ್ಲಿ ಅಂಚಿನವರೆಗೆ ಹೋಗುತ್ತದೆ. ಬೇರೆ ಹೆಚ್ಚಿನ ಚೂರಿಗಳಲ್ಲಿ ಕೊನೆಯಲ್ಲಿ ಇನ್ನೊಂದು ಇಳಿಜಾರು ಎದ್ದು ಕಾಣುತ್ತದೆ, ಇದರಲ್ಲಿ ಹಾಗೆ ಕಾಣುವುದಿಲ್ಲ. ಹಾಗಾಗಿ ಹರಿತ ಮಾಡಲು ಕೋನದ ಲೆಕ್ಕ ಬೇಡ. ಆ ಅಗಲ ಇಳಿಜಾರನ್ನೇ ಸಾಣೆಕಲ್ಲಿನ ಮೇಲೆ ಮಲಗಿಸಿ ಉಜ್ಜಿದರಾಯಿತು. ಕೈ ಅಭ್ಯಾಸವಿಲ್ಲದ ನನಗೂ ಬಂತು. ಮರ ಕೆತ್ತುವುದಕ್ಕೆ ಇದರಷ್ಟು ಸುಖದ್ದು ನಾನು ಹಿಡಿದಿಲ್ಲ. ಅಡಿಗೆಮನೆಯಲ್ಲಿ ಅಷ್ಟಕ್ಕಷ್ಟೆ: ಕ್ಯಾರೆಟ್ ಕೊಯ್ದರೆ ಅರ್ಧದಲ್ಲಿ ಸೀಳಿ ಹೋಗುತ್ತದೆ, ನೀರುಳ್ಳಿ ತೆಳ್ಳಗೆ ಬರುವುದಿಲ್ಲ. ಇಲ್ಲಿಯ ಮಕ್ರಿಲ್, ಅಂದರೆ ನಮ್ಮ ಬಂಗುಡೆಯ ದೊಡ್ಡಣ್ಣನ ಹೊಟ್ಟೆ ಸೀಳಲು ಪರವಾಗಿಲ್ಲ.

ಮೋರಾ ಎಂಬುದು ಸಿಲ್ಯಾನ್ ಸರೋವರದ ದಡದ ಊರು. ಅಲ್ಲಿಯ ಫ್ರಾಸ್ಟ್ ಎರಿಕ್ ಎರ್ಸನ್ ಎಂಬವನು ಅಮೆರಿಕದಲ್ಲಿ ದುಡಿದು ವಾಪಸ್ ಬಂದು 1891ರಲ್ಲಿ ಮರ ಸಾಗಿಸುವ ಜಾರುಬಂಡಿಗಳ ಕಾರ್ಖಾನೆ ಹಾಕಿದ. ಚೂರಿ ಅಲ್ಲಿಂದ ಬೆಳೆದದ್ದು. ಗಲ್ಫಿನಿಂದ ಬಂದು ಊರಲ್ಲಿ ಅಂಗಡಿ ಹಾಕಿದ ನಮ್ಮ ಎಷ್ಟೋ ಜನರ ನೆನಪಾಯಿತು. ಈಗ ಸ್ವೀಡನ್ನಿನಲ್ಲಿ ಇಂಥ ಯಾವ ಚೂರಿಗೂ 'ಮೋರಾ' ಎಂದೇ ಹೇಳುವುದುಂಟು. ನಮ್ಮ ಮನೆಯ ಪೈಪು ಸರಿಮಾಡಲು ಬಂದವನ ಪ್ಯಾಂಟಿನಲ್ಲೇ ಒರೆ ಸಿಕ್ಕಿಸಲು ಒಂದು ಗುಂಡಿ ಇತ್ತು. ಮಕ್ಕಳಿಗೂ ಬೇರೆ ಉಂಟು, ಮೊನೆ ಬೋಳಾಗಿರುವುದು, ಬೆರಳು ಜಾರದಂತೆ ಅಡ್ಡ ಇರುವುದು.

ಹಾಗೆಂದು ಹೇಗೆ ಬೇಕಾದರೂ ತಿರುಗುವ ಹಾಗಿಲ್ಲ. 1988ರ ಕಾನೂನಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಚೂರಿ ಇಟ್ಟುಕೊಳ್ಳಬಾರದು. ಕೆಲಸಕ್ಕೋ ಕಾಡಿಗೋ ಹೋಗುವಂಥ ಸರಿಯಾದ ಕಾರಣ ಇರಬೇಕು. ಅಣಬೆ ಸರಿಯಾದ ಕಾರಣ. ಗೆಳೆಯ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದ. ನಾನು ಬಟ್ಟೆಯಲ್ಲಿ ಸುತ್ತಿ, ಚೀಲದ ತಳದಲ್ಲಿ ಹಾಕಿ, ಮೇಲೆ ತಿಂಡಿ ಡಬ್ಬಿ ಇಟ್ಟು, ಬುಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಮಡಿಲಲ್ಲಿ ಹಿಡಿದು ಕೂತೆ. ಗಡ್ಡ ಇರುವವನು ನಾನೊಬ್ಬನೇ ಏನಲ್ಲ, ಅವನದ್ದೂ ಇತ್ತು. ಒಂದು ಗಂಟೆಯ ದಾರಿ. ಕಾಡಿನಲ್ಲಿ ಹಳದಿ ಅಣಬೆ ಒಂದು ಬುಟ್ಟಿ ಸಿಕ್ಕಿತು. ನಮ್ಮ ಕಲ್ಲಣಬೆಯ ರುಚಿ ಅದಕ್ಕಿಲ್ಲ.

ಆಮೇಲೆ ಕಾರ್ಬನ್ ಸ್ಟೀಲಿನ ಇನ್ನೊಂದು ತಂದೆ. ಲಿಂಬೆ ಕೊಯ್ದರೆ ಕಪ್ಪಾಗುತ್ತದೆ. ಒಂದು ರಾತ್ರಿ ಒರೆಸದೆ ಒರೆಯಲ್ಲಿ ಬಿಟ್ಟೆ, ಬೆಳಿಗ್ಗೆ ತುಕ್ಕಿನ ಚುಕ್ಕೆ. ಉಪ್ಪ ತನ್ನದಕ್ಕೆ ದಿನಾ ತೆಂಗಿನೆಣ್ಣೆ ಯಾಕೆ ಸವರುತ್ತಿದ್ದರು ಎಂದು ಗೊತ್ತಾಯಿತು. ಅರಿವೆಯಿಂದ ಒರೆಸಿ ನಾನೂ ಸವರಿದೆ. ಆ ವಾಸನೆಗೋ ಏನೋ, ಊರಿಗೆ ಹೋಗುವಾಗ ಅವರಿಗೊಂದು ಒಯ್ಯಬೇಕು ಅನಿಸಿತು.

ಸ್ಟೇನ್‌ಲೆಸ್ಸಿನದ್ದೇ ಒಯ್ದೆ, ನಮ್ಮ ಮಳೆಗಾಲಕ್ಕೆ ಅದೇ ಸರಿ. ಕೈಚೀಲದಲ್ಲಿ ಒಯ್ಯುವಂತಿಲ್ಲ, ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದೆ. ಪೆಟ್ಟಿಗೆ ಕೈಗೆ ಬರುವವರೆಗೆ ಸಮಾಧಾನ ಇರಲಿಲ್ಲ. ಯಾರೂ ಕೇಳಲಿಲ್ಲ.

ಉಪ್ಪ ಹಿಡಿಕೆ ನೋಡಿ ಮುಖ ಸಿಂಡರಿಸಿದರು. "ಅಷ್ಟು ದೂರದಿಂದ ಪ್ಲಾಸ್ಟಿಕ್ ತಂದಿಯಾ ಮೋನೆ?" ಆಮೇಲೆ ಹೆಬ್ಬೆರಳಿನಿಂದ ಅಂಚು ಅಡ್ಡ ಸವರಿ ಸುಮ್ಮನಾದರು. ಅಂಗಳಕ್ಕೆ ಹೋಗಿ ಬಾಳೆಗೊನೆಯ ಹಗ್ಗ ಕೊಯ್ದರು, ಗೇರು ಮರದ ಒಂದು ಕೋಲು ಕೆತ್ತಿದರು, ಅದು ಚೂಪಾದ ಮೇಲೂ ಕೆತ್ತುತ್ತಲೇ ಇದ್ದರು.

"ಅಲ್ಲಿಯವರು ಇದನ್ನು ಸೊಂಟಕ್ಕೆ ಕಟ್ಟಿಕೊಂಡು ತಿರುಗುತ್ತಾರಾ?"

"ಕೆಲಸದವರು ತಿರುಗುತ್ತಾರೆ, ಉಪ್ಪ."

"ನೀನು?"

"ನಾನು ಚೀಲದಲ್ಲಿ ಇಡ್ತೇನೆ."

ಅವರು ನಗಲಿಲ್ಲ, ಏನೂ ಹೇಳಲೂ ಇಲ್ಲ. ಮರುದಿನ ಬೆಳಿಗ್ಗೆ ತೋಟಕ್ಕೆ ಹೋಗುವಾಗ ಹಸಿರು ಒರೆ ಅವರ ಬೆಲ್ಟಿನಲ್ಲಿತ್ತು. ಹನ್ನೊಂದು ಗಂಟೆಗೆ ಪೇಟೆಗೆ ಹೊರಟಾಗ ಉಮ್ಮ ಕರೆಯುವ ಮೊದಲೇ ಅದನ್ನು ಬಿಚ್ಚಿ ಅಕ್ಕಿ ಡಬ್ಬಿಯ ಮೇಲೆ ಇಟ್ಟರು.