ಸ್ಪೇ ನದಿಯಲ್ಲಿ ಮೂರು ದಿನ

ಗಾಳ ಹಾಕೋದು ನನಗೆ ಚೆನ್ನಾಗಿ ಗೊತ್ತು ಅಂದುಕೊಂಡಿದ್ದೆ. ಊರಲ್ಲಿ ಅಪ್ಪನ ಜೊತೆ ತುಂಗಾ ದಡದಲ್ಲಿ ಎರೆಹುಳ ಸಿಕ್ಕಿಸಿ ಕೂತು ಬೆಳೆದವನು ನಾನು. ಸ್ಕಾಟ್ಲೆಂಡಿನ ಗ್ರಾಂಟೌನ್ ಹತ್ತಿರ, ಸ್ಪೇ ನದಿಯ ಕೊರೆಯುವ ನೀರಲ್ಲಿ ಸೊಂಟದವರೆಗೆ ಇಳಿದು ನಿಂತಾಗ ಆ ಜಂಬವೂ ಇಳಿಯಿತು.

ಅಲ್ಲಿ ಗೈಡ್‌ಗೆ ‘ಗಿಲ್ಲಿ’ ಅಂತಾರೆ. ನಮ್ಮ ಗಿಲ್ಲಿಗೆ ಅರವತ್ತು ದಾಟಿತ್ತು, ಮಾತು ಕಡಿಮೆ. 15 ಅಡಿಯ ಕೋಲನ್ನು ಎರಡೂ ಕೈಲಿ ಹಿಡಿದು, ದಾರವನ್ನು ಪೂರ್ತಿ ಹಿಂದಕ್ಕೆ ಬೀಸದೆ ನೀರಿನ ಮೇಲೆ ಸುತ್ತಿಸಿ ಎಸೆಯೋದು ಕಲಿಸಿದರು. ಹಿಂದಕ್ಕೆ ಬೀಸಿದರೆ ದಡದ ಮರಕ್ಕೆ ಸಿಕ್ಕಿಕೊಳ್ಳುತ್ತಲ್ಲ! ತಮಾಷೆ ಅಂದ್ರೆ, ಮೊಟ್ಟೆಯಿಡಲು ಸಮುದ್ರದಿಂದ ಹುಟ್ಟಿದ ಹೊಳೆಗೆ ಮರಳುವ ಸಾಲ್ಮನ್ ಬೇಟೆಯಾಡಿ ತಿನ್ನೋದನ್ನೇ ನಿಲ್ಲಿಸಿರುತ್ತೆ. ಹಸಿವಿಲ್ಲದ ಮೀನನ್ನು ಗರಿಯಿಂದ ಕಟ್ಟಿದ ಹುಳು ತೋರಿಸಿ ಕೆಣಕಬೇಕು.

ಗುರುವಾರ ಏನೂ ಇಲ್ಲ. ಶುಕ್ರವಾರವೂ ಇಲ್ಲ. ಭಾನುವಾರ ಸಾಲ್ಮನ್ ಹಿಡಿಯೋದು ಅಲ್ಲಿ ಕಾನೂನಿಗೆ ವಿರುದ್ಧ. ಹಾಗಾಗಿ ಉಳಿದದ್ದು ಶನಿವಾರ ಮಾತ್ರ. ಅವತ್ತು ಸಂಜೆ ದಾರ ಬಿಗಿಯಿತು. ಹತ್ತು ನಿಮಿಷ ಜಗ್ಗಾಟ, ತೋಳೆಲ್ಲ ನಡುಕ. ಬೆಳ್ಳಿ ಬಣ್ಣದ ಮೀನು ಬಲೆಗೆ ಬಂತು. ಗಿಲ್ಲಿ ಅದನ್ನು ನೀರಿಂದ ಮೇಲೆತ್ತಲೇ ಇಲ್ಲ. ಕೊಕ್ಕೆ ಬಿಡಿಸಿ, ಹರಿವಿಗೆ ಎದುರಾಗಿ ನನ್ನ ಕೈಗೆ ಹಿಡಿಸಿದರು. ಬ್ರಿಟನ್ನಿನ ಕಾಡು ಸಾಲ್ಮನ್ 2023ರಲ್ಲಿ ಐಯುಸಿಎನ್‌ನ ಅಳಿವಿನಂಚಿನ ಪಟ್ಟಿ ಸೇರಿದೆ. ಬಿಡಲೇಬೇಕಿತ್ತು. ಆದರೂ ಬೆರಳು ಸಡಿಲಿಸೋಕೆ ಮನಸ್ಸಾಗಲಿಲ್ಲ ನೋಡಿ.

ರಾತ್ರಿ ವಿಡಿಯೋ ಕಾಲ್‌ನಲ್ಲಿ ಅಮ್ಮ, ‘ಅಷ್ಟು ದುಡ್ಡು ಸುರಿದು ಹಿಡಿದಿದ್ದನ್ನ ಬಿಟ್ಟು ಬಂದ್ಯಾ?’ ಅಂತ ನಕ್ಕಳು.

ಅಪ್ಪ ಮಾತ್ರ ಕೇಳಿದ್ರು, ‘ಬಿಟ್ಟ ಮೇಲೆ ಸರಿಯಾಗಿ ಈಜಿತೇನೋ?’