ಏಳು ಜನ, ಏಳು ಪಿಜ್ಜಾ

(ನೇಪಲ್ಸ್‌ನ ವಿಯಾ ತೊಲೆದೊ ಅಂಗಡಿ ಬೀದಿ, ಅದರ ಪಕ್ಕದ ಓಣಿಯ ಒಂದು ಪಿಜ್ಜೇರಿಯಾದಲ್ಲಿ ಗೀಚಿಕೊಂಡದ್ದು)

ಪಕ್ಕದ ಮೇಜಿನಲ್ಲಿ ಏಳು ಜನ. ಅಜ್ಜಿ, ಮಗ, ಸೊಸೆ, ಮಗಳೋ ಮತ್ಯಾರೋ, ಮೂರು ಮಕ್ಕಳು. ಬಂದದ್ದು ಏಳು ಪಿಜ್ಜಾ. ಆರು ವರ್ಷವೂ ತುಂಬಿರದ ಹುಡುಗಿಯ ಮುಂದೆಯೂ ಒಂದು ಇಡೀ ಪಿಜ್ಜಾ, ತಟ್ಟೆಯ ಅಂಚು ದಾಟಿ ಮೇಜಿನ ಮೇಲೆ ಕೈಚಾಚಿದಂಥದ್ದು. ಬೆಂಗಳೂರಿನಲ್ಲಾದರೆ ಏಳು ಜನಕ್ಕೆ ಎರಡು ಲಾರ್ಜ್ ಹೇಳಿ, ತಲೆಗೆಷ್ಟು ತುಂಡು ಅಂತ ಮನಸ್ಸಿನಲ್ಲೇ ಭಾಗಾಕಾರ ಹಾಕಿ, ಕೊನೆಯ ತುಂಡನ್ನು ‘ನೀ ತಗೊ, ಇಲ್ಲ ನೀ ತಗೊ’ ಎನ್ನುತ್ತ ಆರಿಸಿಬಿಡುವವರು ನಾವು. ಇಲ್ಲಿ ಪಿಜ್ಜಾವನ್ನು ಕತ್ತರಿಸಿ ತರುವುದೇ ಇಲ್ಲ. ಚಾಕು, ಫೋರ್ಕು ಇಟ್ಟು ಹೋಗುತ್ತಾರೆ. ಭಾಗಾಕಾರಕ್ಕೆ ಆಸ್ಪದವೇ ಇಲ್ಲ.

ಹಂಚಿ ತಿನ್ನುವುದಿಲ್ಲ ಎಂದಮೇಲೆ ಅಜ್ಜಿಯಿಂದ ಮೊಮ್ಮಗಳವರೆಗೆ ಮನೆಮಂದಿಯೆಲ್ಲ ಒಟ್ಟಿಗೆ ಬರುವುದು ಯಾತಕ್ಕೆ? ಅಣ್ಣನ ಮಗಳನ್ನು ಕೇಳಿದೆ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ, ನಮ್ಮ ದುಭಾಷಿ ಅವಳೇ. “ಚಿಕ್ಕಪ್ಪ, ಇಲ್ಲಿ ಹೀಗೇ” ಅಂದಳು. ಈ ಊರಿನಲ್ಲಿ ಅವಳು ನನಗೆ ಕೊಡುವ ಉತ್ತರಗಳಲ್ಲಿ ಅರ್ಧ ಇದೇ.

*

ತೊಲೆದೊ ಬೀದಿ ಹಾಕಿಸಿದ್ದು 1536ರಲ್ಲಿ, ಸ್ಪೇನಿನ ವೈಸ್‌ರಾಯ್ ಪೆದ್ರೊ ದೆ ತೊಲೆದೊ. 1870ರಲ್ಲಿ ಅದಕ್ಕೆ ವಿಯಾ ರೋಮಾ ಎಂದು ಹೊಸ ಹೆಸರಿಟ್ಟರು. 1980ರಲ್ಲಿ ಹಳೆಯದೇ ವಾಪಸ್ ಬಂತು. ಈಗ ಸಂಜೆ ಹೊತ್ತು ಇಲ್ಲಿ ನಡೆಯುವುದೆಂದರೆ ತಳ್ಳಿಸಿಕೊಂಡು ಮುಂದೆ ಹೋಗುವುದು. ಬಟ್ಟೆ, ಚಪ್ಪಲಿ, ಮೊಬೈಲ್ ಅಂಗಡಿ. ಅರ್ಧಕ್ಕರ್ಧ ಯಾವ ಊರಲ್ಲೂ ಸಿಗುವ ಬ್ರ್ಯಾಂಡುಗಳೇ. ಬೀದಿಯ ಕೆಳತುದಿಯಲ್ಲಿ ಗಾಜಿನ ಗುಮ್ಮಟದ ದೊಡ್ಡ ಶಾಪಿಂಗ್ ಹಜಾರ, ರಾಜ ಉಂಬೆರ್ತೊನ ಹೆಸರಿನದು. ಅಲ್ಲಿಂದ ಸ್ವಲ್ಪ ದೂರ ನಡೆದರೆ ಅವನ ರಾಣಿ ಮಾರ್ಗರಿತಾಳ ಹೆಸರನ್ನು ಒಂದು ಪಿಜ್ಜಾಕ್ಕೆ ಇಟ್ಟ ಅಂಗಡಿ. ರಾಜನಿಗೆ ಮಾರ್ಬಲ್ಲು, ರಾಣಿಗೆ ಮೈದಾಹಿಟ್ಟು. ಇಬ್ಬರಲ್ಲಿ ಯಾರ ಹೆಸರು ಮೈಸೂರಿನ ಮಕ್ಕಳ ಬಾಯಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ.

*

ಸಾಲು. ಬಾಗಿಲಲ್ಲಿ ಒಬ್ಬಾತ ‘ಎಷ್ಟು ಜನ?’ ಎಂದು ಕೇಳಿ ಹೆಸರು ಬರೆದುಕೊಳ್ಳುತ್ತಾನೆ. ಆಮೇಲೆ ಬೀದಿಯಲ್ಲಿ ನಿಲ್ಲಬೇಕು. ಸ್ಕೂಟರುಗಳು ನಮ್ಮ ನಡುವೆಯೇ ತೂರುತ್ತವೆ. ಯಾರೂ ಸಿಡುಕುವುದಿಲ್ಲ. ನಾವು ಏಳೂವರೆಗೆ ಊಟ ಮುಗಿಸಿ ಮಾತ್ರೆ ನುಂಗುವವರು. ಅಷ್ಟು ಹೊತ್ತಿಗೆ ಇಲ್ಲಿ ಬಾಗಿಲು ತೆಗೆದಿದ್ದರೆ ಪುಣ್ಯ. ಊರಿನವರು ಒಂಬತ್ತಕ್ಕೆ ಬರುತ್ತಾರೆ, ತಳ್ಳುಗಾಡಿಯಲ್ಲಿ ಕೂಸು ಸಮೇತ.

*

ನನ್ನಾಕೆಯ ಫಜೀತಿ. ಅವಳು ಬೆಳ್ಳುಳ್ಳಿ ಮುಟ್ಟುವುದಿಲ್ಲ, ಮಾಂಸದ ಮಾತೇ ಇಲ್ಲ. ಹಳೆಯ ಪಿಜ್ಜೇರಿಯಾಗಳಲ್ಲಿ ಮುಖ್ಯವಾದವು ಎರಡೇ: ಮಾರ್ಗರಿತಾ ಮತ್ತು ಮರಿನಾರ. ಮಾರ್ಗರಿತಾದಲ್ಲಿ ಟೊಮ್ಯಾಟೊ, ಮೊಝರೆಲ್ಲಾ, ಬೇಸಿಲ್ ಎಲೆ. ಬೆಳ್ಳುಳ್ಳಿ ಇಲ್ಲ. ‘ಇದೇ ಆಯ್ತಲ್ಲ’ ಎಂದು ನಾನು ಕೈ ತೊಳೆದುಕೊಳ್ಳುವಷ್ಟರಲ್ಲಿ ನಮ್ಮ ದುಭಾಷಿ ಹುಡುಗಿ ಬಾಯಿಬಿಟ್ಟಳು. ಎಮ್ಮೆಹಾಲಿನ ಅಸಲಿ ಮೊಝರೆಲ್ಲಾಕ್ಕೆ ಹಾಲು ಗಟ್ಟಿಯಾಗಿಸಲು ಹಾಕುವುದು ರೆನೆಟ್ ಅಂತೆ, ಅದನ್ನು ತೆಗೆಯುವುದು ಕರುವಿನ ಹೊಟ್ಟೆಯಿಂದ. ಇಲ್ಲಿನ ಪಾರ್ಮೆಸಾನ್‌ಗೂ ಅದೇ, ನಿಯಮವೇ ಹಾಗಿದೆ. ನಮ್ಮಲ್ಲಿ ಹಸಿರು ಚುಕ್ಕೆ ಹಾಕಿ ಮಾರುವ ಚೀಸ್‌ಗೆ ಸೂಕ್ಷ್ಮಜೀವಿಗಳಿಂದ ತೆಗೆದ ರೆನೆಟ್ ಬಳಸುತ್ತಾರೆ; ಇಲ್ಲಿ ಆ ಚುಕ್ಕೆಯೂ ಇಲ್ಲ, ಅದರ ಚಿಂತೆಯೂ ಇಲ್ಲ.

ಮರಿನಾರದಲ್ಲಿ ಚೀಸೇ ಇಲ್ಲ. ಟೊಮ್ಯಾಟೊ, ಆರೆಗಾನೊ, ಆಲಿವ್ ಎಣ್ಣೆ ಮತ್ತು ಧಾರಾಳವಾಗಿ ಬೆಳ್ಳುಳ್ಳಿ.

ಅಂದರೆ ಒಂದರಲ್ಲಿ ಕರು, ಇನ್ನೊಂದರಲ್ಲಿ ಬೆಳ್ಳುಳ್ಳಿ. ಎರಡೇ ಪಿಜ್ಜಾ ಇರುವ ಊರಿನಲ್ಲಿ ಎರಡಕ್ಕೂ ಬೇಲಿ. ಇದನ್ನು ಮಡಿವಂತರ ವಿರುದ್ಧ ಯಾರೋ ಕೂತು ಯೋಚಿಸಿ ಮಾಡಿದ ಹಾಗಿದೆ.

“ಬೆಳ್ಳುಳ್ಳಿ ತೆಗೆದು ಮರಿನಾರ ಕೊಡೋಕೆ ಹೇಳೇ” ಎಂದಳು ನನ್ನಾಕೆ. ಹುಡುಗಿ ಹೇಳಿದಳು. ಬಡಿಸುವಾತ ಎರಡು ಸಲ ಕೇಳಿಸಿಕೊಂಡ. ಮೆಣಸಿನಕಾಯಿ ಬೇಕೆಂದರೆ, ಉಪ್ಪು ಕಡಿಮೆ ಮಾಡಿ ಎಂದರೆ ಅವನಿಗೆ ಅರ್ಥವಾಗುತ್ತಿತ್ತೇನೋ. ಚೀಸಿಲ್ಲದ ಪಿಜ್ಜಾದಿಂದ ಬೆಳ್ಳುಳ್ಳಿಯನ್ನೂ ಕಿತ್ತರೆ ಉಳಿಯುವುದೇನು ಎಂಬುದು ಅವನ ಕಷ್ಟ. ಒಳಗೆ ಹೋಗಿ ಒಲೆಯವನ ಕಿವಿಯಲ್ಲಿ ಏನೋ ಹೇಳಿದ. ಒಲೆಯವ ಬಗ್ಗಿ ನಮ್ಮ ಮೇಜನ್ನು ನೋಡಿದ. ಬಂದ ಪಿಜ್ಜಾದ ಮೇಲೆ ಅವನಾಗಿಯೇ ಒಂದು ಹಿಡಿ ಬೇಸಿಲ್ ಹಾಕಿದ್ದ, ಪರಿಹಾರಧನವೆಂಬಂತೆ.

ಆಕೆ ಎಲೆ ಮೂಸಿದಳು. “ಇದು ಕಾಮಕಸ್ತೂರಿ ಕಣ್ರೀ! ಬೇಸಿಗೇಲಿ ಬೀಜ ನೆನೆಹಾಕಿ ಪಾನಕಕ್ಕೆ ಹಾಕ್ತೀವಲ್ಲ, ಅದು.” ಹೌದು, ಅದೇ. ತುಳಸಿಯ ಸೋದರಿ. ಆಮೇಲೆ ಮಾತಿಲ್ಲ, ಪೂರ್ತಿ ತಿಂದಳು. ನನ್ನ ಮಾರ್ಗರಿತಾದ ಕಡೆ ಒಂದು ಸಲ ಮಾತ್ರ ನೋಡಿದಳು, ಕರುವನ್ನು ಹುಡುಕುವವಳಂತೆ.

*

ಒಲೆ ಇಟ್ಟಿಗೆಯ ಗುಮ್ಮಟ, ಒಳಗೆ ಸೌದೆ. ಕಟ್ಟೆಯ ಹಿಂದೆ ಒಬ್ಬ ಹಿಟ್ಟಿನ ಉಂಡೆಯನ್ನು ಬೆರಳ ತುದಿಯಲ್ಲಿ ಒತ್ತಿ ಹಿಗ್ಗಿಸುತ್ತಾನೆ. ಲಟ್ಟಣಿಗೆ ಇಲ್ಲ, ನಡುವಿನ ಗಾಳಿ ಅಂಚಿಗೆ ಸರಿಯಬೇಕು, ಅಂಚು ಉಬ್ಬುವುದು ಅದರಿಂದ. ಇನ್ನೊಬ್ಬ ಉದ್ದ ಹಿಡಿಯ ಮೊಗಚೆಯಲ್ಲಿ ಅದನ್ನು ಒಳಗೆ ಜಾರಿಸಿ, ತಿರುಗಿಸಿ, ಕೊನೆಗೊಮ್ಮೆ ಗುಮ್ಮಟದ ಹತ್ತಿರಕ್ಕೆ ಎತ್ತಿ ಹಿಡಿದು ಹೊರಗೆಳೆಯುತ್ತಾನೆ. ಒಂದೂವರೆ ನಿಮಿಷವೂ ಆಗಲಿಲ್ಲ.

ಇದಕ್ಕೆಲ್ಲ ಕಾನೂನಿದೆ ಎಂದು ತಿಳಿದಾಗ ನಕ್ಕುಬಿಟ್ಟೆ. 2010ರಲ್ಲಿ ಐರೋಪ್ಯ ಒಕ್ಕೂಟ ಅಧಿಕೃತವಾಗಿ ಒಪ್ಪಿದ ‘ಪಿಜ್ಜಾ ನಾಪೊಲೆತಾನ’ದ ವಿವರ ಹೀಗೆ: ಅಗಲ 35 ಸೆಂಟಿಮೀಟರ್ ಮೀರಬಾರದು, ನಡುಭಾಗದ ದಪ್ಪ 0.4 ಸೆಂಟಿಮೀಟರ್, ಅಂಚು 1ರಿಂದ 2 ಸೆಂಟಿಮೀಟರ್, ಒಲೆಯ ಕಾವು 485 ಡಿಗ್ರಿ ಸೆಲ್ಸಿಯಸ್, ಬೇಯುವ ಹೊತ್ತು 60ರಿಂದ 90 ಸೆಕೆಂಡು. ಬೆಂದದ್ದನ್ನು ಕೂಡಲೇ ತಿಂದರೆ ಒಳ್ಳೆಯದು. ಫ್ರೀಜ್ ಮಾಡಿಟ್ಟು ಮಾರುವ ಹಾಗಿಲ್ಲ. ಬಡವರು ಬೀದಿಯಲ್ಲಿ ನಿಂತು ತಿನ್ನುತ್ತಿದ್ದ ರೊಟ್ಟಿಗೆ ಇಷ್ಟು ಕಟ್ಟುಪಾಡು ಯಾರು ಮಾಡಿಸಿದರು, ಯಾತಕ್ಕೆ? ಕಟ್ಟೆಯ ಹಿಂದಿನವನ ಬಳಿ ಅಳತೆಪಟ್ಟಿ ಹುಡುಕಿದೆ. ಥರ್ಮಾಮೀಟರ್ ಹುಡುಕಿದೆ. ಒಂದೂ ಕಣ್ಣಿಗೆ ಬೀಳಲಿಲ್ಲ. ಅವನು ಒಲೆಯ ಬಾಯಿಗೆ ಕೈ ಒಡ್ಡಿ ನೋಡುತ್ತಾನೆ, ಅಷ್ಟೇ.

2017ರ ಡಿಸೆಂಬರಿನಲ್ಲಿ ಯುನೆಸ್ಕೊ ಈ ಪಿಜ್ಜಾ ಮಾಡುವವರ ಕಸುಬನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಪಿಜ್ಜಾವನ್ನಲ್ಲ, ಕಸುಬನ್ನು. ದಕ್ಷಿಣ ಕೊರಿಯಾದ ಜೆಜುವಿನಲ್ಲಿ ನಡೆದ ಅದೇ ಸಭೆಯಲ್ಲಿ ನಮ್ಮ ಕುಂಭಮೇಳವೂ ಅದೇ ಪಟ್ಟಿಗೆ ಸೇರಿತು. ಕೋಟಿಗಟ್ಟಲೆ ಜನರ ಮೀಯುವಿಕೆ, ಒಂದೂವರೆ ನಿಮಿಷದ ಬೇಯುವಿಕೆ, ಎರಡಕ್ಕೂ ಒಂದೇ ಸಭೆಯಲ್ಲಿ ಮುದ್ರೆ. ಆ ಮೇಜಿನ ಸುತ್ತ ಕೂತಿದ್ದವರ ಟಿಪ್ಪಣಿಗಳನ್ನು ಓದುವ ಆಸೆ ನನಗೆ.

*

ರಾಣಿಯ ಕಥೆ. 1889ರ ಜೂನ್. ಮಾರ್ಗರಿತಾ ರಾಣಿ ನೇಪಲ್ಸ್‌ಗೆ ಬಂದಾಗ ರಫಾಯೆಲೆ ಎಸ್ಪೊಸಿತೊ ಎಂಬಾತ ಮೂರು ಪಿಜ್ಜಾ ಮಾಡಿಕೊಟ್ಟ. ಕೆಂಪು, ಬಿಳಿ, ಹಸಿರು ಸೇರಿ ಇಟಲಿಯ ಬಾವುಟದಂತಿದ್ದದ್ದು ರಾಣಿಗೆ ಹಿಡಿಸಿತು. ಅರಮನೆಯಿಂದ ಮೆಚ್ಚುಗೆಯ ಕಾಗದ ಬಂತು. ಕ್ಯಾಯಾ ಬೀದಿಯ ಪಕ್ಕದ ಅವನ ಅಂಗಡಿ, ಈಗಿನ ‘ಬ್ರಾಂದಿ’ ಪಿಜ್ಜೇರಿಯಾದ ಗೋಡೆಯಲ್ಲಿ 1989ರಲ್ಲಿ ಹಾಕಿದ ಶತಮಾನೋತ್ಸವದ ಕಲ್ಲಿದೆ. ಆ ಕಾಗದ ಅಸಲಿಯೇ ಎಂದು ಇತಿಹಾಸಕಾರರು ಅನುಮಾನಪಟ್ಟಿದ್ದಾರೆ. ಅದಕ್ಕಿಂತ ಎರಡು ಮೂರು ದಶಕ ಹಿಂದೆಯೇ ಫ್ರಾಂಚೆಸ್ಕೊ ದೆ ಬೂರ್ಕಾರ್ ಹೊರತಂದ ನೇಪಲ್ಸ್ ಜನಜೀವನದ ಗ್ರಂಥದಲ್ಲಿ, ಪಿಜ್ಜಾದ ಮೇಲೆ ಮೊಝರೆಲ್ಲಾ ಮತ್ತು ಬೇಸಿಲ್ ಹಾಕುವ ಸಂಗತಿ ಬಂದಾಗಿದೆ.

ನಾನು ಮೈಸೂರಿನವನು. ಅರಮನೆ ಅಡುಗೆಯವರಾದ ಕಾಕಾಸುರ ಮಾದಪ್ಪನವರು ಕೈಗೆ ಸಿಕ್ಕ ಕಡಲೆಹಿಟ್ಟು, ತುಪ್ಪ, ಸಕ್ಕರೆಯಲ್ಲಿ ಮಹಾರಾಜರಿಗೆ ಪಾಕ ಮಾಡಿಕೊಟ್ಟ ಕಥೆ ಕೇಳುತ್ತಲೇ ಬೆಳೆದವನು. ಹಾಗಾಗಿ ರಾಣಿಯ ಕಾಗದವನ್ನು ಭೂತಗನ್ನಡಿ ಹಿಡಿದು ನೋಡುವ ಉತ್ಸಾಹ ನನಗಿಲ್ಲ. ತಿಂಡಿಗೆ ಅರಮನೆಯ ಬಾಗಿಲು ಯಾಕೆ ಬೇಕಾಗುತ್ತದೆ ಎನ್ನುವುದೇ ನನ್ನ ಪ್ರಶ್ನೆ.

ಬೇಕಾಗಿತ್ತು ಅನ್ನಿಸುತ್ತದೆ. 1884ರಲ್ಲಿ ಮತೀಲ್ದೆ ಸೆರಾವೊ ಎಂಬ ಪತ್ರಕರ್ತೆ ಬರೆದಿದ್ದಾಳೆ: ನೇಪಲ್ಸ್‌ನವನೊಬ್ಬ ರೋಮಿಗೆ ಹೋಗಿ ಪಿಜ್ಜಾ ಅಂಗಡಿ ಹಾಕಿದ, ಹೊಸತರಲ್ಲಿ ಜನ ಮುತ್ತಿದರು, ಆಮೇಲೆ ಯಾರೂ ಬರಲಿಲ್ಲ, ಮುಚ್ಚಿಹೋಯಿತು. ರೋಮಿಗೇ ದಕ್ಕದ ತಿಂಡಿ ಇದು! ನೂರಾ ಮೂವತ್ತು ವರ್ಷ ಕಳೆದ ಮೇಲೆ, 2015ರಲ್ಲಿ, ಅಮೆರಿಕದ ಡಾಮಿನೋಸ್ ಇಟಲಿಗೆ ಬಂತು. 2022ರಲ್ಲಿ ಗಂಟುಮೂಟೆ ಕಟ್ಟಿತು. ಈ ವ್ಯಾಪಾರದಲ್ಲಿ ಯಾರ ಲೆಕ್ಕ ಯಾವಾಗ ಕೈಕೊಡುತ್ತದೆ ಹೇಳಲು ಬಾರದು.

*

ಹಿಂದೆ ಉದ್ರಿ ಪಿಜ್ಜಾವೂ ಇತ್ತಂತೆ. ಇವತ್ತು ತಿನ್ನು, ಎಂಟು ದಿನ ಬಿಟ್ಟು ದುಡ್ಡು ಕೊಡು. ವಿತ್ತೋರಿಯೊ ದೆ ಸಿಕಾ 1954ರಲ್ಲಿ ತೆಗೆದ ‘ಲೋರೊ ದಿ ನಾಪೊಲಿ’ ಚಿತ್ರದ ಒಂದು ಕಥೆ ಇದರದೇ. ಸೋಫಿಯಾ ಲೊರೆನ್ ಪಿಜ್ಜಾ ಮಾರುವವಳು. ಪ್ರಿಯಕರನ ಬಳಿ ಉಂಗುರ ಬಿಟ್ಟು ಬಂದು, ಹಿಟ್ಟಿನಲ್ಲಿ ಬಿದ್ದುಹೋಗಿರಬೇಕು ಎನ್ನುತ್ತಾಳೆ. ಪಾಪದ ಗಂಡ ಪಿಜ್ಜಾ ಕೊಂಡವರ ಮನೆ ಮನೆ ಅಲೆಯುತ್ತಾನೆ. ಈ ಓಣಿಯಲ್ಲಿ ಕೂತು ಆ ಕಥೆ ನೆನೆದರೆ ನಗು ಬರುತ್ತದೆ. ಎದುರಿನ ಗೋಡೆಗೆ ‘ಕಾರ್ಡ್ ನಡೆಯುತ್ತದೆ’ ಎಂಬ ಚೀಟಿ.

*

ಜಗಳ ಆಡಲು ಇಲ್ಲಿ ಪಿಜ್ಜಾ ಸಾಕು. ಫಾರ್ಮುಲಾ ಒನ್‌ನಲ್ಲಿದ್ದ ಉದ್ಯಮಿ ಫ್ಲಾವಿಯೊ ಬ್ರಿಯಾತೋರೆ 2022ರಲ್ಲಿ ತನ್ನ ಹೋಟೆಲಿನ 65 ಯೂರೊ ಪಿಜ್ಜಾವನ್ನು ಸಮರ್ಥಿಸಿ, ನಾಲ್ಕೈದು ಯೂರೊಗೆ ಮಾರುವವರು ಏನು ಹಾಕುತ್ತಾರೋ ಎಂಬರ್ಥದ ಮಾತಾಡಿದಾಗ ಊರಿಗೆ ಊರೇ ಎದ್ದಿತು. 2024ರ ಆರಂಭದಲ್ಲಿ ಇಲ್ಲಿನ ಹೆಸರಾಂತ ಜೀನೊ ಸೊರ್ಬಿಲ್ಲೊ ತನ್ನ ಪಟ್ಟಿಗೆ ಅನಾನಸ್ ಪಿಜ್ಜಾ ಸೇರಿಸಿದಾಗ ಮತ್ತೊಮ್ಮೆ. ಅನಾನಸ್ ಹಾಕುವುದನ್ನು ಶುರುಮಾಡಿದ್ದು 1962ರಲ್ಲಿ, ಕೆನಡಾದಲ್ಲಿ, ಒಬ್ಬ ಗ್ರೀಕ್ ಮೂಲದವ. ಹೊರಗಿನ ಹಣ್ಣು ಎಂದು ಮೂಗು ಮುರಿಯುವವರಿಗೆ ಟೊಮ್ಯಾಟೊ ಕೂಡ ಅಮೆರಿಕದಿಂದ ಬಂದದ್ದೆಂದು ನೆನಪಿಸಬಹುದು. ಹುಡುಗಿ ಬೇಡ ಎಂದು ಕಣ್ಸನ್ನೆ ಮಾಡಿದಳು.

*

ಮಕ್ಕಳು ಕೂಗುತ್ತಾರೆ, ಮೇಜುಗಳ ನಡುವೆ ಓಡುತ್ತಾರೆ. ಯಾರೂ ‘ಶ್’ ಎನ್ನುವುದಿಲ್ಲ. ಕಟ್ಟೆಯವನು ಒಂದು ಪೋರನ ಕೈಗೆ ಹಸಿ ಹಿಟ್ಟಿನ ಉಂಡೆ ಕೊಟ್ಟ. ಅದು ಮೊದಲು ಹಾವಾಯಿತು, ಆಮೇಲೆ ಮೀಸೆಯಾಯಿತು, ಕೊನೆಗೆ ತಂಗಿಯ ಕೂದಲಿಗಂಟಿತು. ತಾಯಿ ಅದನ್ನು ಬಿಡಿಸುತ್ತ ಮಾತು ಮುಂದುವರಿಸಿದಳು.

*

ಎಂಜಲಿನ ವಿಷಯ. ಏಳು ತಟ್ಟೆ ಬಂದಾಗಲೇ ನನ್ನಾಕೆ ತೀರ್ಪು ಕೊಟ್ಟಿದ್ದಳು: “ಇದೇ ಸರಿ ಕಣ್ರೀ. ಅವರವರ ತಟ್ಟೆ ಅವರವರದು. ನಮ್ಮ ಹುಡುಗರ ಥರ ಒಂದೇ ಡಬ್ಬಕ್ಕೆ ಎಲ್ಲರೂ ಕೈಹಾಕೋದಿಲ್ಲ.” ವಾದಕ್ಕೆ ಅಡ್ಡಿಯಿರಲಿಲ್ಲ.

ಆದರೆ ಅರ್ಧ ಊಟವಾದ ಮೇಲೆ ಗಮನಿಸಿದ್ದು ಬೇರೆ. ಪುಟ್ಟ ಹುಡುಗಿ ನಡುವಿನದನ್ನಷ್ಟೇ ತಿಂದು ಉಬ್ಬಿದ ಅಂಚುಗಳನ್ನು ಸಾಲಾಗಿ ಜೋಡಿಸಿದ್ದಳು. ಅಪ್ಪ ಕೇಳಲೂ ಇಲ್ಲ, ಒಂದೊಂದೇ ಎತ್ತಿ ಬಾಯಿಗೆ ಹಾಕಿಕೊಂಡ. ಸೊಸೆ ತನ್ನದರಲ್ಲಿ ಒಂದು ತ್ರಿಕೋನ ಕೊಯ್ದು ಗಂಡನ ತಟ್ಟೆಗಿಟ್ಟಳು. ಅವನದರ ಒಂದು ತ್ರಿಕೋನ ಇತ್ತ ಬಂತು. ಅಜ್ಜಿ ತಾನು ತಿನ್ನುತ್ತಿದ್ದ ಫೋರ್ಕಿನಲ್ಲೇ ಒಂದು ಚೂರು ಚುಚ್ಚಿ ಮೊಮ್ಮಗನ ಬಾಯಿಗಿಟ್ಟರು.

“ಹೋಯ್ತು” ಎಂದಳು ನನ್ನಾಕೆ.

ಹಾಗಾದರೆ ಏಳು ಪಿಜ್ಜಾ ಯಾಕೆ? ಹಂಚಿಕೊಳ್ಳಲೇಬೇಕೆಂದಿದ್ದರೆ ನಾಲ್ಕು ಹೇಳಿದ್ದರೂ ಆಗುತ್ತಿತ್ತು. ತನ್ನದು ಅಂತ ಒಂದು ಇಡೀ ಇದ್ದರೇ ಕೊಡುವುದಕ್ಕೆ ಕೈ ಬರುತ್ತದೆಯೆ? ಅಣ್ಣನ ಮಗಳನ್ನು ಕೇಳಬೇಕೆಂದಿದ್ದೆ, ಅವಳ ಉತ್ತರ ಗೊತ್ತಿದ್ದರಿಂದ ಬಿಟ್ಟೆ.

*

ಬಿಲ್ಲು. ಕೇಳುವ ತನಕ ತರುವುದಿಲ್ಲ. ಕೇಳಿದ ಮೇಲೂ ನಿಧಾನ. ಮಾರ್ಗರಿತಾ ಆರೂವರೆ ಯೂರೊ. ನೀರಿಗೂ ದುಡ್ಡು, ಗುಳ್ಳೆ ನೀರೋ ಸಾದಾ ನೀರೋ ಎಂದು ಕೇಳಿ ಬಾಟಲಿ ಇಡುತ್ತಾರೆ. ಕೆಳಗೆ ಇನ್ನೊಂದು ಸಾಲು: ಕೊಪೆರ್ತೊ, ತಲೆಗೆ ಎರಡರಂತೆ ಆರು ಯೂರೊ. ಇದೇನು? ಸರ್ವಿಸ್ ಚಾರ್ಜೇ ಎಂದರೆ ಅಲ್ಲವಂತೆ. ಬ್ರೆಡ್ಡಿಗೇ ಎಂದರೆ ಬ್ರೆಡ್ ಕೊಡಲಿಲ್ಲ. ಮೇಜುಬಟ್ಟೆಗೇ ಎಂದರೆ ಹಾಸಿದ್ದು ಕಾಗದ.

“ಕೂತಿದ್ದಕ್ಕೆ, ಚಿಕ್ಕಮ್ಮ” ಎಂದಳು ಹುಡುಗಿ.

“ಕೂತಿದ್ದಕ್ಕೆ ದುಡ್ಡಾ?”

ನಿಂತು ತಿಂದರೆ ಇಲ್ಲ. ಬಾಗಿಲ ಪಕ್ಕದ ಕಿಂಡಿಯಲ್ಲಿ ಚಿಕ್ಕ ಪಿಜ್ಜಾವನ್ನು ನಾಲ್ಕು ಮಡಿಕೆ ಮಾಡಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಅಂಗಡಿ ಚೀಲ ಮೊಣಕೈಗೆ ತೂಗುಹಾಕಿಕೊಂಡು, ಎಣ್ಣೆ ಅಂಗಿಗೆ ಸೋರದಂತೆ ಮುಂದಕ್ಕೆ ಬಾಗಿ, ಜನ ಅಲ್ಲೇ ತಿಂದು ಮುಗಿಸುತ್ತಾರೆ. ನೂರೈವತ್ತು ವರ್ಷದ ಹಿಂದೆ ಇಲ್ಲಿನ ಕೂಲಿಯವರು ತಿನ್ನುತ್ತಿದ್ದದ್ದೂ ಬೀದಿಯಲ್ಲೇ.

“ನಾಳೆ ನಾವೂ ನಿಂತೇ ತಿನ್ನೋಣ” ಎಂದು ನನ್ನಾಕೆ ಪರ್ಸು ಮುಚ್ಚಿದಳು. ಅವಳ ಮಂಡಿನೋವಿನ ಮುಲಾಮಿಗೆ ಇಲ್ಲಿಯ ಔಷಧಿ ಅಂಗಡಿಯಲ್ಲಿ ಕೊಟ್ಟದ್ದು ಆರು ಯೂರೊಗಿಂತ ಜಾಸ್ತಿ. ಆ ಲೆಕ್ಕವನ್ನು ನಾಳೆಯೇ ಹೇಳಿದರಾಯಿತು.