ಕುರುವಪುರದ ತೆಪ್ಪ

ರಾಯಚೂರು ದಾಟಿ ಆತ್ಕೂರಿಗೆ ಹೋದ್ರ ಕೃಷ್ಣಾ ಹೊಳಿ ನಡುವ ಕುರುವಪುರ ಕಾಣತೈತ್ರಿ. ಪೀಠಾಪುರದಾಗ ಹುಟ್ಟಿದ ಶ್ರೀಪಾದ ಶ್ರೀವಲ್ಲಭರು ತಪಸ್ಸು ಮಾಡಿದ ನಡುಗಡ್ಡಿ. ನಾವು ಹೋದಾಗ ತೆಪ್ಪದಾಗ ದಾಟಬೇಕಿತ್ತು. ಬಿದಿರಿನ ದುಂಡನ ಬುಟ್ಟಿ, ತಳಕ್ಕ ಡಾಂಬರ. ಮುದಗಲ್ ಕ್ವಾಟಿ ಕಂದಕ ಬಿಟ್ರ ಬ್ಯಾರೆ ನೀರು ನೋಡಿದಾಕಿ ಅಲ್ಲ ನಾ, ಕೈಕಾಲು ಥಂಡಾದ್ವು.

ಬಾಜೂಕ ಅಲ್ಲೀದೇ ಊರ ಹೆಣ್ಮಗಳು, ತೊಡಿ ಮ್ಯಾಲ ಬೀಸಿಸಿಕೊಂಡ ಹಿಟ್ಟಿನ ಡಬ್ಬಿ ಇಟಗೊಂಡು ಆರಾಮ ಕುಂತಿದ್ಲು. “ಅಂಜಬ್ಯಾಡ್ರಿ ಅಕ್ಕಾರ, ನಡಕ ಸರೀರಿ” ಅಂದ್ಲು. ಮ್ಯಾಲ ನಾರಾಯಣಪುರ ಡ್ಯಾಮಿನ ಗೇಟ್ ತಗದು ಹೊಳಿ ತುಂಬಿ ಬಂದ್ರ ತೆಪ್ಪ ಬಂದ್ ಅಂತ. ಆವಾಗ ಯಾರಿಗರೆ ಬ್ಯಾನಿ ಬಂದ್ರ ಹ್ಯಾಂಗವ್ವ ಅಂದೆ. “ಅದಕ್ಕ ಸೊಸೀನ ಮಳಿ ಹಿಡಿಯಾಕ ಮೊದ್ಲ ತವರಿಗೆ ಕಳಿಸೀನ್ರಿ. ದಿನಾ ತುಂಬ್ಯಾವ, ಇನ್ನಾ ಫೋನ್ ಬಂದಿಲ್ಲ” ಅಂದು ಸುಮ್ಮನಾದ್ಲು.

ಗುಡಿ, ದೊಡ್ಡ ಆಲದ ಮರ, ಟೆಂಬೆ ಸ್ವಾಮಿಗಳು ಕುಂತ ಗವಿ ಎಲ್ಲಾ ನೋಡಿದ್ವಿ. ಮಹಾರಾಷ್ಟ್ರದ ಮಂದೀನ ಭಾಳ, ನಮ್ಮ ಕಡೆಯವರಿಗೆ ಇದರ ಕಿಮ್ಮತ್ತು ಗೊತ್ತಿಲ್ಲ ಬಿಡ್ರಿ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ನೆಳ್ಳಾಗ ಕುಂತು ಉಂಡ್ವಿ. ಗುಡಿಯಾಗ ಮಾತ್ರ ಮಗನ ನೌಕರಿ ಹರಕಿ ಆಮ್ಯಾಲ ಅಂತ ಬಿಟ್ಟು, ಆಕಿ ಸೊಸೀ ಸಲುವಾಗಿ ಮೊದ್ಲ ಕೈ ಮುಗದೆ.